ಮದ್ದು ಮತ್ತಾದಾಗ

ಕನ್ನಡದಲ್ಲಿ ‘ಮದ್ದು’ ಎಂಬುದು ಬಹು ಹಳೆಯ ಮಾತು. ರೋಗವನ್ನು ವಾಸಿಮಾಡುವ ಔಷಧಕ್ಕೂ ಅದೇ ಹೆಸರು. ಬಂಡೆಯನ್ನು ಸಿಡಿಸುವ ಪುಡಿಗೂ ಅದೇ ಹೆಸರು. ಒಂದು ದೇಹವನ್ನು ಉಳಿಸುತ್ತದೆ, ಇನ್ನೊಂದು ಕಲ್ಲನ್ನು ಒಡೆಯುತ್ತದೆ. ಬಲವುಳ್ಳ ವಸ್ತುವು ಇರಬೇಕಾದ ಸ್ಥಳದಲ್ಲಿ, ಇರಬೇಕಾದ ಹೊತ್ತಿನಲ್ಲಿ ಇದ್ದರೆ ಉಪಕಾರಿ. ಸ್ಥಳವೂ ಹೊತ್ತೂ ತಪ್ಪಿದರೆ ಅದೇ ಅಪಾಯಕಾರಿ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಅಳತೆ ಮೀರದ ಅಮೃತವೂ ಕೆಲವೊಮ್ಮೆ ಕೇಡನ್ನು ತರಬಲ್ಲದು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ವೈದ್ಯರು ಹೇಳಿದ ಮಾತ್ರೆಯನ್ನು, ಹೇಳಿದಷ್ಟೇ ಪ್ರಮಾಣದಲ್ಲಿ ನುಂಗಿದ ಮನುಷ್ಯನು ವಾಹನದ ಚಕ್ರವನ್ನು ಹಿಡಿದಾಗ ಏನಾಗಬಹುದು, ಆಗ ಕಾನೂನು ಅವನಿಗೆ ಏನು ಹೇಳುತ್ತದೆ ಎಂಬುದು ಇಂದು ಪ್ರತಿಯೊಂದು ಮನೆಯವರೂ ತಿಳಿಯಬೇಕಾದ ವಿಷಯವಾಗಿದೆ.

ಕೋಲಾರದ ಮಾರುಕಟ್ಟೆಯಿಂದ ಬೆಂಗಳೂರಿಗೆ ಟೊಮೇಟೊ ಸಾಗಿಸುವ ಒಬ್ಬ ಚಾಲಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನು ಮದ್ಯವನ್ನು ಮುಟ್ಟಿದವನಲ್ಲ. ಹದಿನೈದು ವರ್ಷಗಳಲ್ಲಿ ಒಂದು ಅಪಘಾತವನ್ನೂ ಮಾಡಿದವನಲ್ಲ. ನೆಗಡಿ, ಸೀನು, ಮೈತುರಿಕೆಗಳಿಂದ ಬೇಸತ್ತು ಸಂಜೆ ವೈದ್ಯರಲ್ಲಿಗೆ ಹೋದನು. ವೈದ್ಯರು ಚೀಟಿ ಬರೆದು, “ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ತೆಗೆದುಕೊಳ್ಳಿ, ಚೆನ್ನಾಗಿ ನಿದ್ರೆ ಬರುತ್ತದೆ” ಎಂದರು. ರೋಗಿಯು ಬೆಳಗಿನವರೆಗೆ ಮಲಗಿರುತ್ತಾನೆಂದು ಅವರು ಭಾವಿಸಿದರು. ತನ್ನ ಕೆಲಸವು ನಡುರಾತ್ರಿಯ ಮೇಲೆ ಆರಂಭವಾಗುವುದೆಂದು ಅವನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಹತ್ತು ಗಂಟೆಗೆ ಮಾತ್ರೆ ನುಂಗಿ ಮಲಗಿದವನು ಮೂರು ಗಂಟೆಗೆ ಎದ್ದು, ಮುಖ ತೊಳೆದು, ಸರಕು ತುಂಬಿದ ಟೆಂಪೋವನ್ನು ಹೊರಡಿಸಿದನು. ತಲೆ ತುಸು ಭಾರವಾಗಿತ್ತು, ಅಷ್ಟೆ. ಹೊಸಕೋಟೆಯ ಹತ್ತಿರ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ ಸವಾರನೊಬ್ಬನು ಅಡ್ಡರಸ್ತೆಯಿಂದ ಬಂದನು. ಚಾಲಕನು ಕಣ್ಣು ಮುಚ್ಚಿರಲಿಲ್ಲ, ಸವಾರನನ್ನು ಕಂಡನು, ಬ್ರೇಕನ್ನೂ ಒತ್ತಿದನು. ಆದರೆ ಒತ್ತಬೇಕಾದ ಕ್ಷಣಕ್ಕಿಂತ ಅರ್ಧ ಕ್ಷಣ ತಡವಾಗಿ ಒತ್ತಿದನು. ಸವಾರನ ಕಾಲಿನ ಮೂಳೆ ಮುರಿಯಿತು.

ಪೊಲೀಸರು ಬಂದು ಉಸಿರಿನ ಪರೀಕ್ಷೆ ಮಾಡಿದರು. ಯಂತ್ರವು ಸೊನ್ನೆಯನ್ನು ತೋರಿಸಿತು. “ನಾನು ಕುಡಿದಿಲ್ಲ ಸಾರ್. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ನುಂಗಿದ್ದೆ. ಇಗೋ ಚೀಟಿ” ಎಂದು ಅವನು ಜೇಬಿನಿಂದ ಕಾಗದವನ್ನು ತೆಗೆದು ತೋರಿಸಿದನು. ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ಚೀಟಿಯು ಅವನನ್ನು ಕಾಯುವುದೇ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಮಾತ್ರೆಯ ಕೆಲಸವನ್ನೂ ಬಳಿಕ ಕಾನೂನಿನ ಮಾತನ್ನೂ ತಿಳಿಯಬೇಕು.

ಮೂಗು ಸೋರುವಂತೆ, ಮೈ ತುರಿಸುವಂತೆ ಮಾಡುವ ವಸ್ತುಗಳಲ್ಲಿ ಹಿಸ್ಟಮಿನ್ ಎಂಬುದು ಮುಖ್ಯವಾದುದು. ನೆಗಡಿ, ತುರಿಕೆಗಳಿಗೆ ಕೊಡುವ ಅನೇಕ ಮಾತ್ರೆಗಳು ಈ ಹಿಸ್ಟಮಿನ್ ತನ್ನ ಕೆಲಸವನ್ನು ಮಾಡದಂತೆ ತಡೆಯುತ್ತವೆ. ಆದರೆ ಇದೇ ಹಿಸ್ಟಮಿನ್ ಮಿದುಳಿನಲ್ಲಿ ಬೇರೊಂದು ಕಾರ್ಯವನ್ನು ನಡೆಸುತ್ತದೆ. ಮನುಷ್ಯನನ್ನು ಎಚ್ಚರವಾಗಿಡಲು ಅದು ನೆರವಾಗುತ್ತದೆ. ಹಳೆಯ ಬಗೆಯ ನೆಗಡಿಯ ಮಾತ್ರೆಗಳು ರಕ್ತದಿಂದ ಮಿದುಳಿನೊಳಕ್ಕೂ ಸೇರಿಕೊಳ್ಳುತ್ತವೆ. ಮೂಗಿನ ಬಾಗಿಲನ್ನು ಮುಚ್ಚಲು ಬಂದ ಕಾವಲುಗಾರನು ಮನೆಯ ದೀಪವನ್ನೂ ಆರಿಸಿದಂತಾಗುತ್ತದೆ. ಮಿದುಳನ್ನು ಅಷ್ಟಾಗಿ ಪ್ರವೇಶಿಸದ ಹೊಸ ಬಗೆಯ ಮಾತ್ರೆಗಳೂ ಇವೆ. ಯಾವುದು ಯಾವ ಬಗೆಯದೆಂದು ರೋಗಿಗೆ ಮಾತ್ರೆಯ ಬಣ್ಣದಿಂದ ತಿಳಿಯುವಂತಿಲ್ಲ, ವೈದ್ಯರನ್ನೇ ಕೇಳಬೇಕು.

ನೆಗಡಿಯ ಮಾತ್ರೆಯೊಂದೇ ಅಲ್ಲ. ನಿದ್ರೆ ಬಾರದವರಿಗೂ ಆತಂಕಪಡುವವರಿಗೂ ಕೊಡುವ ಡಯಾಜೆಪಾಮ್, ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಮೊದಲಾದವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತವೆ. ತೀವ್ರವಾದ ನೋವಿಗೆ ಕೊಡುವ ಮಾರ್ಫಿನ್, ಟ್ರಮಡಾಲ್‌ಗಳೂ, ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೊಡೀನ್ ಎಂಬುದೂ ಮಂಪರನ್ನು ತರುತ್ತವೆ. ಮೂರ್ಛೆರೋಗದ ಕೆಲವು ಮಾತ್ರೆಗಳು ಆರಂಭದ ದಿನಗಳಲ್ಲಿ ಚುರುಕುತನವನ್ನು ಕುಗ್ಗಿಸಬಹುದು. ರಕ್ತದ ಒತ್ತಡಕ್ಕೆ ಹೊಸದಾಗಿ ಮಾತ್ರೆ ಆರಂಭಿಸಿದವನಿಗೆ ತಲೆ ಸುತ್ತಬಹುದು. ಇನ್ಸುಲಿನ್ ಚುಚ್ಚಿಸಿಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ರಕ್ತದಲ್ಲಿ ಸಕ್ಕರೆಯು ಕುಸಿದು ಪ್ರಜ್ಞೆಯೇ ತಪ್ಪಬಹುದು. ಕಣ್ಣಿನ ಪರೀಕ್ಷೆಗಾಗಿ ಪಾಪೆಯನ್ನು ಹಿಗ್ಗಿಸುವ ಹನಿಗಳನ್ನು ಹಾಕಿದ ಮೇಲೆ ಕೆಲವು ಗಂಟೆಗಳವರೆಗೆ ಬಿಸಿಲು ಕಣ್ಣನ್ನು ಕುಕ್ಕುತ್ತದೆ, ನೋಟ ಮಸುಕಾಗುತ್ತದೆ. ಇವೆಲ್ಲವೂ ಒಳ್ಳೆಯ ಔಷಧಗಳೇ. ಇವುಗಳಿಂದ ಲಕ್ಷಾಂತರ ಜನರು ನೆಮ್ಮದಿಯಾಗಿ ಬಾಳುತ್ತಿದ್ದಾರೆ. ಹಾಸಿಗೆಯ ಮೇಲೆ ಮಲಗಿದವನಿಗೆ ಇವುಗಳಿಂದ ಬರುವ ಮಂಪರು ಹಿತಕರವೇ ಹೌದು. ಚಕ್ರ ಹಿಡಿದವನಿಗೆ ಮಾತ್ರ ಅದು ಶತ್ರು.

ಇಲ್ಲಿ ಸಾಮಾನ್ಯ ಜನರು ಮಾಡುವ ತಪ್ಪುಗಳು ಎರಡು. ಮೊದಲನೆಯದು ಕಾಲವನ್ನು ಕುರಿತದ್ದು. ರಾತ್ರಿ ನುಂಗಿದ ಮಾತ್ರೆಯ ಪ್ರಭಾವವು ರಾತ್ರಿಯೊಡನೆಯೇ ಮುಗಿಯಿತೆಂದು ಅವರು ನಂಬುತ್ತಾರೆ. ನೆಗಡಿಯ ಅನೇಕ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಎಂಬ ವಸ್ತುವು ವಯಸ್ಕರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆಗಳು ಬೇಕು. ಡಯಾಜೆಪಾಮಿಗೆ ಒಂದು ದಿನವೂ ಸಾಲದೆ ಎರಡು ದಿನಗಳು ಹಿಡಿಯುವುದುಂಟು. ಜೋಲ್ಪಿಡೆಮ್ ಬೇಗ ಇಳಿಯುವ ನಿದ್ರೆಯ ಮಾತ್ರೆಯೆಂದು ಹೆಸರಾದುದು. ಆದರೂ ಮರುದಿನ ಬೆಳಗ್ಗೆ ವಾಹನ ನಡೆಸಲು ತೊಡಕಾಗುವಷ್ಟು ಪ್ರಮಾಣದಲ್ಲಿ ಅದು ಕೆಲವರ ರಕ್ತದಲ್ಲಿ ಉಳಿದಿರುತ್ತದೆಂದು ಕಂಡುಬಂದುದರಿಂದ, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹೆಂಗಸರಿಗೆ ಸೂಚಿಸಿದ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5 ಮಿಲಿಗ್ರಾಮಿಗೆ ಇಳಿಸಿತು. ಕೋಳಿ ಕೂಗಿತೆಂದು ರಕ್ತದೊಳಗಿನ ರಾತ್ರಿಯು ಕಳೆಯುವುದಿಲ್ಲ.

ಎರಡನೆಯ ತಪ್ಪು ಇದಕ್ಕಿಂತಲೂ ಸೂಕ್ಷ್ಮವಾದುದು. “ನನಗೆ ಮಂಪರು ಬಂದಿಲ್ಲ, ಆದುದರಿಂದ ನಾನು ಸರಿಯಾಗಿದ್ದೇನೆ” ಎಂಬ ನಂಬಿಕೆಯೇ ಅದು. ಅಮೆರಿಕದ ಅಯೋವಾ ಪ್ರಾಂತದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಲರ್ಜಿಯಿಂದ ನರಳುತ್ತಿದ್ದ 40 ಮಂದಿ ಚಾಲಕರನ್ನು, ನಿಜವಾದ ರಸ್ತೆಯನ್ನು ಹೋಲುವ ಯಂತ್ರದಲ್ಲಿ ಕೂಡಿಸಿ ಪರೀಕ್ಷಿಸಲಾಯಿತು. ಬೇರೆ ಬೇರೆ ದಿನಗಳಲ್ಲಿ ಅವರಿಗೆ ಹಳೆಯ ಬಗೆಯ ಡೈಫೆನ್‌ಹೈಡ್ರಮಿನ್, ಹೊಸ ಬಗೆಯ ಫೆಕ್ಸೊಫೆನಡಿನ್, ಮದ್ಯ ಮತ್ತು ಔಷಧವೇ ಇಲ್ಲದ ಹುಸಿ ಮಾತ್ರೆಗಳನ್ನು ಕೊಟ್ಟರು. ಹೊಸ ಬಗೆಯ ಮಾತ್ರೆಯನ್ನು ನುಂಗಿದಾಗ ಅವರ ಚಾಲನೆಯು ಹುಸಿ ಮಾತ್ರೆಯನ್ನು ನುಂಗಿದಾಗಿನಂತೆಯೇ ಇತ್ತು. ಹಳೆಯ ಬಗೆಯದನ್ನು ನುಂಗಿದಾಗ ಮದ್ಯ ಕುಡಿದಾಗಿನದಕ್ಕಿಂತಲೂ ಕೆಟ್ಟಿತು. ಎಲ್ಲಕ್ಕಿಂತ ಗಮನಿಸಬೇಕಾದ ಸಂಗತಿಯೆಂದರೆ, ತಮಗೆ ಎಷ್ಟು ಮಂಪರಿದೆ ಎಂದು ಅವರು ಹೇಳಿದ ಮಾತಿಗೂ ಅವರ ಚಾಲನೆಯು ಎಷ್ಟು ಕೆಟ್ಟಿತ್ತೆಂಬುದಕ್ಕೂ ಹೆಚ್ಚಿನ ಹೊಂದಾಣಿಕೆ ಕಾಣಲಿಲ್ಲ. ಮತ್ತು ಏರಿದ ಮನಸ್ಸು ತನ್ನ ಮತ್ತನ್ನು ತಾನೇ ತೂಗಲಾರದು. ತಕ್ಕಡಿಯೇ ಕೆಟ್ಟಿರುವಾಗ ತೂಕವನ್ನು ನಂಬುವುದೆಂತು?

ಅರ್ಧ ಕ್ಷಣದ ತಡವು ದೊಡ್ಡದೇ ಎಂದು ಯಾರಾದರೂ ಕೇಳಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡ ಬಳಿಕ ಪಾದವು ಬ್ರೇಕನ್ನು ಮುಟ್ಟಲು ಅರ್ಧ ಸೆಕೆಂಡು ಹೆಚ್ಚು ಹಿಡಿದರೆ, ವಾಹನವು 8 ಮೀಟರಿಗಿಂತ ಹೆಚ್ಚು ದೂರವನ್ನು ಯಾವ ತಡೆಯೂ ಇಲ್ಲದೆ ಮುಂದಕ್ಕೆ ಕ್ರಮಿಸಿರುತ್ತದೆ. ಅದು ಸಾಮಾನ್ಯವಾದ ಒಂದು ತರಗತಿಯ ಕೊಠಡಿಯ ಉದ್ದ. ಒಬ್ಬ ಮನುಷ್ಯನ ಕಾಲು ಉಳಿಯುವುದೂ ಮುರಿಯುವುದೂ, ಪ್ರಾಣ ಉಳಿಯುವುದೂ ಹೋಗುವುದೂ ಆ ಒಂದು ಕೊಠಡಿಯ ಅಳತೆಯೊಳಗೆ ನಿರ್ಧಾರವಾಗಬಹುದು.

ಇನ್ನು ಕಾನೂನಿನ ಮಾತು. ಕುಡಿದು ವಾಹನ ನಡೆಸುವುದು ಅಪರಾಧವೆಂದು ಎಲ್ಲರೂ ಬಲ್ಲರು. ಆದರೆ ಕಾನೂನು ಮದ್ಯವೊಂದನ್ನೇ ಹೆಸರಿಸಿಲ್ಲ. 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿಯೇ ಮದ್ಯದ ಜೊತೆಗೆ ಮಾದಕ ಔಷಧದ ಮಾತೂ ಇತ್ತು. ಅದರ ಸ್ಥಾನದಲ್ಲಿ ಬಂದ 1988ರ ಕಾಯಿದೆಯ 185ನೆಯ ಕಲಮು ಈ ಅಪರಾಧವನ್ನು ಎರಡು ಭಾಗಗಳಾಗಿ ಹೇಳುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನವನ್ನು ನಡೆಸುವುದು ಒಂದು. ವಾಹನದ ಮೇಲೆ ಸರಿಯಾದ ಹತೋಟಿಯನ್ನು ಇಟ್ಟುಕೊಳ್ಳಲಾರದಷ್ಟರ ಮಟ್ಟಿಗೆ ಔಷಧದ ಪ್ರಭಾವಕ್ಕೆ ಒಳಗಾಗಿ ವಾಹನವನ್ನು ನಡೆಸುವುದು ಇನ್ನೊಂದು. ಎರಡಕ್ಕೂ ಶಿಕ್ಷೆ ಒಂದೇ. 2019ರ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮರಳಿ ಮಾಡಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ.

ಇಲ್ಲಿ ‘ಔಷಧ’ ಎಂದರೆ ಯಾವುದು? ಮದ್ಯವಲ್ಲದ, ಮತ್ತು ಬರಿಸುವ ವಸ್ತುಗಳನ್ನು ಕುರಿತು 2019ರ ತಿದ್ದುಪಡಿಯು ಒಂದು ವಿವರಣೆಯನ್ನು ಸೇರಿಸಿತು. 1985ರ ಮಾದಕ ವಸ್ತುಗಳ ಕಾಯಿದೆಯಲ್ಲಿ ಹೆಸರಿಸಿದ ಮಾದಕ ದ್ರವ್ಯಗಳೂ ಮನಸ್ಸಿನ ಮೇಲೆ ಪರಿಣಾಮ ಬೀರುವ ದ್ರವ್ಯಗಳೂ ಅದರಲ್ಲಿ ಸೇರುತ್ತವೆ. ಆ ಕಾಯಿದೆಯ ಪಟ್ಟಿಯಲ್ಲಿ ಕಳ್ಳಸಾಗಣೆಯ ವಸ್ತುಗಳು ಮಾತ್ರವೇ ಇವೆಯೆಂದು ತಿಳಿಯಬಾರದು. ಡಯಾಜೆಪಾಮ್, ಆಲ್ಪ್ರಜೋಲಾಮ್, ಜೋಲ್ಪಿಡೆಮ್‌ಗಳಂತಹ, ಅಂಗಡಿಯಲ್ಲಿ ವೈದ್ಯರ ಚೀಟಿಗೆ ದೊರೆಯುವ ಮಾತ್ರೆಗಳೂ ಅದರಲ್ಲಿವೆ. ವೈದ್ಯರು ಬರೆದುಕೊಟ್ಟದ್ದಾದರೆ ಈ ಕಲಮು ಅನ್ವಯಿಸುವುದಿಲ್ಲ ಎಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ವೈದ್ಯರ ಚೀಟಿಯು ಮಾತ್ರೆಯನ್ನು ಕೊಳ್ಳುವುದಕ್ಕೂ ನುಂಗುವುದಕ್ಕೂ ಕೊಟ್ಟ ಅನುಮತಿ. ವಾಹನವನ್ನು ನಡೆಸುವುದಕ್ಕೆ ಕೊಟ್ಟ ಅನುಮತಿಯಲ್ಲ.

ಆ ಪಟ್ಟಿಯಲ್ಲಿಲ್ಲದ ನೆಗಡಿಯ ಮಾತ್ರೆಯು ‘ಮತ್ತು ಬರಿಸುವ ವಸ್ತು’ವಾಗುವುದೇ ಇಲ್ಲವೇ ಎಂಬುದನ್ನು ನ್ಯಾಯಾಲಯವು ಆಯಾ ಮೊಕದ್ದಮೆಯ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ. ಹಾಗೆಂದು ಚಾಲಕನು ಪಾರಾದನೆಂದಲ್ಲ. ಜನರಿಗೆ ಅಪಾಯವಾಗುವಂತೆ ವಾಹನ ನಡೆಸುವುದನ್ನು ಅದೇ ಕಾಯಿದೆಯ 184ನೆಯ ಕಲಮು ಪ್ರತ್ಯೇಕ ಅಪರಾಧವೆಂದು ಎಣಿಸುತ್ತದೆ. ತನ್ನ ಚಾಲನೆಯು ಇತರರಿಗೆ ಅಪಾಯಕರವಾಗುವಂತಹ ರೋಗ ಅಥವಾ ಅಶಕ್ತತೆ ತನಗಿದೆಯೆಂದು ತಿಳಿದೂ ವಾಹನ ನಡೆಸುವವನಿಗೆ 186ನೆಯ ಕಲಮು ಮೊದಲ ಸಲ 1,000 ರೂಪಾಯಿಯವರೆಗೆ, ಮರಳಿ ಮಾಡಿದರೆ 2,000 ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ‘ತಿಳಿದೂ’ ಎಂಬ ಮಾತನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಮದ್ಯಕ್ಕೆ 30 ಮಿಲಿಗ್ರಾಂ ಎಂಬ ಗೆರೆಯಿರುವಂತೆ ನಮ್ಮ ದೇಶದ ಕಾಯಿದೆಯಲ್ಲಿ ಔಷಧಗಳಿಗೆ ಅಂತಹ ಗೆರೆಯಿಲ್ಲ. ಉಸಿರಿನ ಯಂತ್ರವೂ ಮಾತ್ರೆಯನ್ನು ಗುರುತಿಸಲಾರದು. ಹಾಗಾದರೆ ಅಪರಾಧವು ರುಜುವಾತಾಗುವುದೆಂತು? 185ನೆಯ ಕಲಮಿನ ಅಪರಾಧವು ತನ್ನ ಕಣ್ಣೆದುರಿಗೆ ನಡೆದರೆ ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿಯು ವಾರಂಟ್ ಇಲ್ಲದೆ ಚಾಲಕನನ್ನು ಬಂಧಿಸಬಹುದು. ಬಂಧಿಸಿದ ಎರಡು ಗಂಟೆಗಳೊಳಗಾಗಿ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಮಾಡಿಸದಿದ್ದರೆ ಬಿಟ್ಟುಬಿಡಬೇಕು. ಇದು ಪ್ರಜೆಗೆ ಕಾನೂನು ಕೊಟ್ಟ ರಕ್ಷಣೆ. ಬಂಧಿತನ ರಕ್ತವನ್ನು ಪರೀಕ್ಷಿಸಲು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅವಕಾಶ ಕೊಡುತ್ತದೆ. ಅವನ ನಡಿಗೆ, ಮಾತು, ಕಣ್ಣಿನ ಪಾಪೆ, ವಾಹನವು ಸಾಗಿದ ರೀತಿ, ಕಂಡವರ ಸಾಕ್ಷ್ಯ ಇವೆಲ್ಲವನ್ನೂ ನ್ಯಾಯಾಲಯವು ಒಟ್ಟಿಗೆ ತೂಗಿ ನೋಡುತ್ತದೆ. ಜೇಬಿನಲ್ಲಿದ್ದ ಚೀಟಿಯೂ ಆಗ ಒಂದು ಸಾಕ್ಷಿಯೇ. ಅವನು ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಬೇಕಾಗಿತ್ತು ಎಂಬುದನ್ನು ಅದು ಹೇಳುತ್ತದೆ.

ಅಪಘಾತದಲ್ಲಿ ಯಾರಿಗಾದರೂ ಪೆಟ್ಟು ಬಿದ್ದರೆ ವಿಷಯವು ಮೋಟಾರು ಕಾಯಿದೆಯಲ್ಲಿಯೇ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿದೆ. ಅದರ 281ನೆಯ ಕಲಮಿನ ಪ್ರಕಾರ ಸಾರ್ವಜನಿಕ ಮಾರ್ಗದಲ್ಲಿ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ವಾಹನ ನಡೆಸಿದವನಿಗೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಇಂತಹ ನಿರ್ಲಕ್ಷ್ಯದಿಂದ ಒಬ್ಬನ ಮೂಳೆ ಮುರಿಯುವಂತಹ ತೀವ್ರ ಗಾಯವಾದರೆ 125ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಪ್ರಾಣವೇ ಹೋದರೆ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸವೂ ದಂಡವೂ ಉಂಟು. ಹಳೆಯ ಸಂಹಿತೆಯಲ್ಲಿ ಇದು ಎರಡು ವರ್ಷಗಳವರೆಗೆ ಮಾತ್ರ ಇತ್ತು. ಅಲ್ಲದೆ ಚಾಲನೆಯ ಪರವಾನಗಿಯನ್ನು ಹೊಂದಲು ಅಪರಾಧಿಯು ಅನರ್ಹನೆಂದು ಘೋಷಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ವಾಹನವನ್ನೇ ನಂಬಿ ಬದುಕುವವನಿಗೆ ಪರವಾನಗಿ ಹೋಗುವುದೆಂದರೆ ಅನ್ನದ ದಾರಿ ಮುಚ್ಚಿದಂತೆ.

ವಿಮೆಯ ಮಾತೂ ಇದೆ. ಗಾಯಗೊಂಡವನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇಂತಹವರಿಗೆ ಪರಿಹಾರ ದೊರೆಯಲೆಂದೇ ವಾಹನಗಳಿಗೆ ವಿಮೆಯನ್ನು ಕಡ್ಡಾಯ ಮಾಡಲಾಗಿದೆ. ಆದರೆ ವಾಹನದ ಸ್ವಂತ ನಷ್ಟವನ್ನು ತುಂಬಿಕೊಡುವ ವಿಮಾ ಪತ್ರಗಳಲ್ಲಿ, ಚಾಲಕನು ಮದ್ಯ ಅಥವಾ ಔಷಧದ ಅಮಲಿನಲ್ಲಿದ್ದರೆ ನಷ್ಟವನ್ನು ಕೊಡಲಾಗದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸಾಲಮಾಡಿ ಕೊಂಡ ಟೆಂಪೋ ಜಖಂಗೊಂಡು ನಿಂತಾಗ, ಮೊಕದ್ದಮೆಯ ಖರ್ಚಿನ ಜೊತೆಗೆ ಸಾಲದ ಕಂತೂ ಹೆಗಲ ಮೇಲೆಯೇ ಉಳಿಯುತ್ತದೆ.

ಕುಡುಕನನ್ನೂ ರೋಗಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೇ ಎಂಬ ಸಂದೇಹವು ಯಾರಿಗಾದರೂ ಬರುವುದು ಸಹಜ. ಒಬ್ಬನು ಸುಖಕ್ಕಾಗಿ ಕುಡಿದನು. ಇನ್ನೊಬ್ಬನು ನೋವು ತಾಳಲಾರದೆ ನುಂಗಿದನು. ಇದೇ ಪ್ರಶ್ನೆ 1957ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದಿತ್ತು. ಸಕ್ಕರೆ ಕಾಯಿಲೆಯವನೊಬ್ಬನು ವೈದ್ಯರು ಹೇಳಿದಂತೆ ಇನ್ಸುಲಿನ್ ತೆಗೆದುಕೊಂಡು ಕಾರು ನಡೆಸುತ್ತಿದ್ದಾಗ ರಕ್ತದ ಸಕ್ಕರೆಯು ಕುಸಿದು ಪ್ರಜ್ಞೆ ತಪ್ಪಿತು. ಮೊಕದ್ದಮೆಯನ್ನು ಮೊದಲು ವಿಚಾರಿಸಿದವರು, ಪ್ರಾಣವನ್ನು ಉಳಿಸುವ ಇನ್ಸುಲಿನ್ನನ್ನು ಮಾದಕ ಔಷಧವೆಂದು ಎಣಿಸಲಾಗದೆಂದು ಅವನನ್ನು ಬಿಟ್ಟರು. ಮೇಲಿನ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಾಧೀಶರಾದ ಲಾರ್ಡ್ ಗೊಡಾರ್ಡ್ ಅವರೂ ಅವರ ಸಂಗಡಿಗರೂ ಇದನ್ನು ಒಪ್ಪಲಿಲ್ಲ. ಔಷಧವೆಂದರೆ ಔಷಧವೇ, ಅದನ್ನು ಒಳ್ಳೆಯ ಉದ್ದೇಶಕ್ಕಾಗಿ ತೆಗೆದುಕೊಂಡುದರಿಂದ ರಸ್ತೆಯಲ್ಲಿರುವ ಉಳಿದವರ ಅಪಾಯವು ಕಡಿಮೆಯಾಗುವುದಿಲ್ಲ ಎಂಬ ನಿಲುವು ಆ ತೀರ್ಪಿನಿಂದ ನೆಲೆಗೊಂಡಿತು. ಕಾಲು ಮುರಿದ ಸವಾರನ ಕಡೆಯಿಂದ ನೋಡಿದರೆ ಈ ಮಾತಿನ ತಿರುಳು ತಿಳಿಯುತ್ತದೆ. ತನ್ನ ಮೇಲೆ ಹರಿದ ಚಕ್ರದ ಹಿಂದೆ ಇದ್ದುದು ಮದ್ಯವೋ ಮಾತ್ರೆಯೋ ಎಂಬುದರಿಂದ ಅವನ ನೋವಿನಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಹೀಗಿದ್ದರೂ ಕಾನೂನು ಕುರುಡಲ್ಲ. ಒಬ್ಬನಿಗೆ ತಿಳಿಯದಂತೆ ಅಥವಾ ಅವನ ಇಚ್ಛೆಗೆ ವಿರುದ್ಧವಾಗಿ ಮತ್ತು ಬರಿಸುವ ವಸ್ತುವನ್ನು ಕೊಟ್ಟು, ಅದರಿಂದ ಅವನು ತಾನು ಮಾಡುತ್ತಿರುವುದೇನೆಂದು ಅರಿಯಲಾರದ ಸ್ಥಿತಿಗೆ ಬಂದಿದ್ದರೆ, ಆಗ ಮಾಡಿದ ಕೃತ್ಯವು ಅಪರಾಧವಲ್ಲವೆಂದು ನ್ಯಾಯ ಸಂಹಿತೆಯ 23ನೆಯ ಕಲಮು ಹೇಳುತ್ತದೆ. ಬಲ್ಲವನಿಗೂ ಅರಿಯದವನಿಗೂ ಕಾನೂನು ಭೇದವೆಣಿಸುತ್ತದೆ. ಹೊಸ ಮಾತ್ರೆಯನ್ನು ಮೊದಲ ಸಲ ನುಂಗಿ, ಯಾರೂ ಎಚ್ಚರಿಸದೆ ಇದ್ದಾಗ ತೊಂದರೆಗೊಳಗಾದವನ ಸ್ಥಿತಿಯೊಂದು. ‘ನಿದ್ರೆ ಬರುತ್ತದೆ’ ಎಂಬ ಮಾತನ್ನು ಕೇಳಿಯೂ, ಹಿಂದೊಮ್ಮೆ ತಲೆ ತೂಗಿದುದನ್ನು ನೆನಪಿನಲ್ಲಿಟ್ಟೂ ಚಕ್ರ ಹಿಡಿದವನ ಸ್ಥಿತಿಯೇ ಇನ್ನೊಂದು. ನಿರ್ಲಕ್ಷ್ಯವು ಅಪಘಾತದ ಕ್ಷಣದಲ್ಲಿ ಹುಟ್ಟುವುದಲ್ಲ. ಹೊರಡುವ ಮುನ್ನವೇ ಹುಟ್ಟಿರುತ್ತದೆ.

ಬೇರೆ ದೇಶಗಳು ಈ ಸಮಸ್ಯೆಯನ್ನು ಎದುರಿಸಿದ ಬಗೆಯೂ ತಿಳಿಯತಕ್ಕದ್ದೇ. 2015ರ ಮಾರ್ಚ್ 2ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಡಯಾಜೆಪಾಮ್, ಮಾರ್ಫಿನ್ ಮೊದಲಾದ ಕೆಲವು ಔಷಧಗಳಿಗೂ ರಕ್ತದಲ್ಲಿ ಇಂತಿಷ್ಟೇ ಇರಬಹುದೆಂಬ ಗೆರೆಯನ್ನು ಎಳೆಯಲಾಯಿತು. ವೈದ್ಯರು ಹೇಳಿದಂತೆಯೇ ಔಷಧವನ್ನು ತೆಗೆದುಕೊಂಡಿದ್ದವನು ಗೆರೆಯನ್ನು ದಾಟಿದ್ದರೂ ತನ್ನ ರಕ್ಷಣೆಗೆ ಅದನ್ನು ಹೇಳಿಕೊಳ್ಳಬಹುದು. ಆದರೆ ಅವನ ಚಾಲನೆಯೇ ಕೆಟ್ಟಿತ್ತೆಂದು ರುಜುವಾತಾದರೆ ಬೇರೊಂದು ಕಲಮಿನ ಕೆಳಗೆ ಅವನು ಅಪರಾಧಿಯೇ. ಫ್ರಾನ್ಸಿನಲ್ಲಿ ಔಷಧದ ಪೆಟ್ಟಿಗೆಯ ಮೇಲೆಯೇ ಕಾರಿನ ಚಿತ್ರವನ್ನು ಅಚ್ಚು ಹಾಕಿರುತ್ತಾರೆ. ಹಳದಿಯಾದರೆ ಎಚ್ಚರ, ಕಿತ್ತಳೆಯಾದರೆ ಹೆಚ್ಚಿನ ಎಚ್ಚರ, ಕೆಂಪಾದರೆ ವಾಹನವನ್ನು ನಡೆಸಲೇಬಾರದು. ಅಕ್ಷರ ಬಾರದವನಿಗೂ ಬಣ್ಣ ತಿಳಿಯುತ್ತದೆ.

ಇಷ್ಟನ್ನು ಓದಿದವರು ಔಷಧವನ್ನೇ ಬಿಟ್ಟುಬಿಡುವುದು ಲೇಸೆಂದು ಭಾವಿಸಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಮೂರ್ಛೆರೋಗದವನು ಮಾತ್ರೆಯನ್ನು ನಿಲ್ಲಿಸಿ ವಾಹನ ನಡೆಸಿದರೆ ಅಪಾಯವು ಇಮ್ಮಡಿಯಾಗುತ್ತದೆ. ಸಕ್ಕರೆ ಕಾಯಿಲೆಯವನು ಇನ್ಸುಲಿನ್ನನ್ನು ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ನಿಲ್ಲಿಸಬೇಕಾದುದು ಔಷಧವನ್ನಲ್ಲ, ವಾಹನವನ್ನು. ಅದೂ ಶಾಶ್ವತವಾಗಿ ಅಲ್ಲ. ದೇಹವು ಔಷಧಕ್ಕೆ ಹೊಂದಿಕೊಂಡು, ವೈದ್ಯರು ಸರಿಯೆನ್ನುವವರೆಗೆ. ಚಾಲಕನು ತನ್ನ ಉದ್ಯೋಗವನ್ನು ಮೊದಲೇ ಹೇಳಿದರೆ, ಅನೇಕ ವೇಳೆ ವೈದ್ಯರು ಮಂಪರು ತರದ ಬೇರೊಂದು ಮಾತ್ರೆಯನ್ನು ಬರೆದುಕೊಡಬಲ್ಲರು; ಇಲ್ಲವೇ ನುಂಗುವ ಹೊತ್ತನ್ನು ಬದಲಿಸಬಲ್ಲರು. ಔಷಧದ ಅಂಗಡಿಯಲ್ಲಿರುವ ನೋಂದಾಯಿತ ಫಾರ್ಮಸಿಸ್ಟರೂ ರೋಗಿಗೆ ತಿಳಿವಳಿಕೆ ಹೇಳಬೇಕೆಂದು 2015ರ ನಿಯಮಗಳು ವಿಧಿಸಿವೆ. ಕೇಳುವುದು ಗಿರಾಕಿಯ ಹಕ್ಕು. ಪರವಾನಗಿಯ ಅರ್ಜಿಯೊಡನೆ ಕೊಡುವ ಘೋಷಣೆಯಲ್ಲಿಯೂ ಮೂರ್ಛೆ, ಹಠಾತ್ತನೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇವೆಯೇ ಎಂಬ ಪ್ರಶ್ನೆಯಿದೆ. ಅದಕ್ಕೆ ಕೊಡುವ ಉತ್ತರವು ಸರ್ಕಾರಕ್ಕಾಗಿ ಅಲ್ಲ, ರಸ್ತೆಯ ಮೇಲಿನ ಅಪರಿಚಿತನಿಗಾಗಿ.

ಕೋಲಾರದ ಆ ಚಾಲಕನ ಚೀಟಿಯ ಬಗೆಗೆ ಈಗ ಉತ್ತರ ಹೇಳಬಹುದು. ಚೀಟಿಯು ಅವನು ಕುಡುಕನಲ್ಲವೆಂಬುದನ್ನು ತೋರಿಸುತ್ತದೆ. ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವಾಗ ನ್ಯಾಯಾಧೀಶರು ಅದನ್ನು ಗಮನಿಸಲೂಬಹುದು. ಆದರೆ ‘ಚೆನ್ನಾಗಿ ನಿದ್ರೆ ಬರುತ್ತದೆ’ ಎಂಬ ಮಾತನ್ನು ಅವನು ಕೇಳಿದ್ದನು. ತಲೆ ಭಾರವಾಗಿದ್ದುದನ್ನೂ ಬಲ್ಲವನಾಗಿದ್ದನು. ಆದುದರಿಂದ ಚೀಟಿಯು ಅವನನ್ನು ಪೂರ್ತಿಯಾಗಿ ಕಾಯಲಾರದು. ವೈದ್ಯರಲ್ಲಿ ಒಂದೇ ಒಂದು ಮಾತು, “ನಾನು ರಾತ್ರಿ ಗಾಡಿ ಓಡಿಸುವವನು” ಎಂಬುದಷ್ಟನ್ನು ಹೇಳಿದ್ದರೆ ಆ ಸವಾರನ ಕಾಲೂ ಉಳಿಯುತ್ತಿತ್ತು, ಇವನ ಬದುಕೂ ಉಳಿಯುತ್ತಿತ್ತು.

ಮಾತ್ರೆಯ ಹಾಳೆಯ ಬೆನ್ನ ಮೇಲೆ ಎಚ್ಚರಿಕೆಯ ಮಾತುಗಳು ಸಾಸಿವೆಯಂತಹ ಅಕ್ಷರಗಳಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆ. ಹಗಲೆಲ್ಲ ದುಡಿದು ಬಂದ ತಂದೆಗೆ ಅದನ್ನು ಓದುವ ಕಣ್ಣೂ ಇರಲಾರದು, ಆ ಭಾಷೆಯೂ ಬಾರದಿರಬಹುದು. ಆದರೆ ಅದೇ ಮನೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ಮಗನೋ ಮಗಳೋ ಇರುತ್ತಾರೆ. ವಾಹನ ನಡೆಸುವ ವಯಸ್ಸು ಅವರಿಗಿನ್ನೂ ಬಂದಿಲ್ಲ. ಓದುವ ವಯಸ್ಸು ಬಂದಿದೆ. ಆ ಹಾಳೆಯನ್ನು ದೀಪದ ಬೆಳಕಿಗೆ ಹಿಡಿದು ಓದಿ, “ಅಪ್ಪಾ, ಇದನ್ನು ನುಂಗಿದ ಮೇಲೆ ಗಾಡಿ ಓಡಿಸಬಾರದಂತೆ. ಬೆಳಗ್ಗೆ ಡಾಕ್ಟರನ್ನು ಇನ್ನೊಮ್ಮೆ ಕೇಳಿ ಬರೋಣ” ಎಂದು ಹೇಳಲು ಅವರಿಗೆ ಯಾವ ಪರವಾನಗಿಯೂ ಬೇಕಿಲ್ಲ.